ಗೇಟಿನವಳ ಮದುವೆ

ಅಕ್ಕನಿಗೆ ಐವತ್ತು ತುಂಬಿದ ದಿನ ಬೆಳಿಗ್ಗೆ ತಂಗಿ ತಾನೇ ಬರೆದ ಕಥೆಯೊಂದನ್ನು ಅವಳ ಕೈಗಿತ್ತು ಕೆಲಸಕ್ಕೆ ಓಡಿದಳು. ಅಂಗಡಿ ಮುಟ್ಟುವಷ್ಟರಲ್ಲೇ ಕೊಡಬಾರದಿತ್ತೇನೋ ಅನ್ನಿಸತೊಡಗಿತ್ತು.

ಇಬ್ಬರೂ ಒಂದು ಕಂತೂ ಬಿಡದೆ ನೋಡಿದ ಟಿವಿ ಧಾರಾವಾಹಿಯ ಕಥೆ ಅದು. ಅದರ ನಾಯಕಿ ರೈಲ್ವೆ ಗೇಟು ಕಾಯುವ ಒಂಟಿ ಹೆಂಗಸು; ಇವರ ಬಾಯಲ್ಲಿ ಬರೀ ‘ಗೇಟಿನವಳು’. ಕೊನೆಯ ಕಂತಿನಲ್ಲಿ ಆ ರೈಲುಮಾರ್ಗವನ್ನೇ ಮುಚ್ಚುತ್ತಾರೆ. ಗೂಡ್ಸ್ ರೈಲಿನ ಗಾರ್ಡು ‘ನನ್ನ ಜೊತೆ ಬಾ’ ಎನ್ನುತ್ತಾನೆ. ಅವಳು ಒಲ್ಲೆನೆಂದು ಹಳಿಗುಂಟ ಒಬ್ಬಳೇ ನಡೆದುಬಿಡುತ್ತಾಳೆ. ತಂಗಿಗೆ ಅದನ್ನು ಸಹಿಸಲಾಗಿರಲಿಲ್ಲ. ತನ್ನ ಕಥೆಯಲ್ಲಿ ಗೇಟಿನವಳನ್ನು ನೂರು ಹೆಜ್ಜೆಗೇ ಹಿಂದಕ್ಕೆ ತಿರುಗಿಸಿ, ಗಾರ್ಡಿನೊಂದಿಗೆ ಮದುವೆ ಮಾಡಿಸಿ, ಹಿತ್ತಲಿರುವ ಮನೆಯನ್ನೂ ಕೊಟ್ಟಿದ್ದಳು.

ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಒಂದು ಕೊಂಬು ತಪ್ಪಿದರೂ ಗುರ್ ಎನ್ನುತ್ತಾಳೆಂದು ಅಲ್ಲಿಯವರು ಬೆನ್ನ ಹಿಂದೆ ‘ಕರಡಿ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹಿಡಿಸಿಯೂ ಇತ್ತು. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು.

ತಂಗಿ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಆ ದಿನ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದಳು. ಕಳಚುವಾಗ ಅಂಚು ಮುಕ್ಕಾಯಿತು.

“ಇವತ್ತು ನಿನ್ನ ಕಣ್ಣೇ ಎಲ್ಲೋ ಇದೆಯಲ್ಲಮ್ಮಾ,” ಎಂದರು ಯಜಮಾನರು.

ಎಲ್ಲೋ ಇದ್ದದ್ದು ತಲೆ. ಅಕ್ಕನಿಗೆಂದು ತಾನು ಹುಡುಕಿ ತಂದ ಸಂಬಂಧಗಳು ನೆನಪಾಗುತ್ತಿದ್ದವು: ಹೆಂಡತಿ ತೀರಿಕೊಂಡಿದ್ದ ಡ್ರೈವರು, ಹಲ್ಲಿನ ಡಾಕ್ಟರ ಅಣ್ಣ. ಪ್ರತಿ ಸಲವೂ ಅಕ್ಕ ನಕ್ಕು ‘ಬೇಡ ಕಣೇ’ ಎಂದಿದ್ದಳು. ಹಾಗಾದರೆ ಕಥೆಯಲ್ಲಿ ತಾನು ಮಾಡಿಸಿದ್ದು ಯಾರ ಮದುವೆ?

ಅರ್ಧ ದಿನ ರಜೆ ಹೇಳಿ, ಬಸ್ಸಿಗೂ ಕಾಯದೆ ದಾಪುಗಾಲು ಹಾಕುತ್ತ ಮುದ್ರಣಾಲಯಕ್ಕೆ ಹೋದಳು. ಅಕ್ಕನ ಕೈಯಲ್ಲಿ ಆಗಲೇ ಕೊನೆಯ ಹಾಳೆಯಿತ್ತು.

“ಓದಿಬಿಟ್ಯಾ?”

“ಎರಡು ಸಲ. ತಪ್ಪು ಮೂರೇ ಇವೆ, ಪರವಾಗಿಲ್ಲ.”

“ಅದನ್ನ ವಾಪಸ್ ಕೊಡಕ್ಕಾ. ಬೇರೆ ಏನಾದ್ರೂ ತಂದ್ಕೊಡ್ತೀನಿ.”

“ಕೊಟ್ಟ ಮೇಲೆ ನಂದು.” ಅಕ್ಕ ಹಾಳೆಗಳ ಮೇಲೆ ಕೈಯೂರಿದಳು. “ಮದುವೆ ಮಾಡಿಸೋ ಮುಂಚೆ ನನ್ನ ಒಂದು ಮಾತು ಕೇಳಿದ್ಯಾ?”

“ನಿನ್ನನ್ನಾ?”

ಅಕ್ಕ ತಡವರಿಸಿದಳು. “ಅವಳನ್ನ.”

“ನೀನೊಬ್ಳೇ ಇರ್ತೀಯಲ್ಲಾ ಅಂತ ನನಗೆ ಜೀವ ನಿಲ್ಲಲ್ಲ ಅಕ್ಕಾ.”

“ಗೊತ್ತು. ಆದ್ರೆ ಅದು ನಿನ್ನ ಸಂಕಟ. ಹುಟ್ಟಿದ ದಿನ ನಂದು.”

“ಹಾಗಾದ್ರೆ ಧಾರಾವಾಹೀಲಿ ಇದ್ದ ಹಾಗೇ ಬರೀಬೇಕಿತ್ತಾ?”

“ಅದನ್ನ ನೋಡಿಯಾಯ್ತಲ್ಲ. ಅವಳು ನಡ್ಕೊಂಡು ಹೋದ್ಲಲ್ಲ, ಎಲ್ಲಿಗೆ? ಅದನ್ನ ಯಾರೂ ತೋರಿಸ್ಲಿಲ್ಲ. ಅದನ್ನ ಬರಿ.”

ಬರೆಯಲು ಕೂತರೆ ತಂಗಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗೇಟಿನವಳನ್ನು ಒಂದು ಕೋಣೆಯಲ್ಲಿ ಒಬ್ಬಳೇ ಬಿಟ್ಟರೆ ಸಾಕು, ಯಾರಾದರೂ ಬಂದು ಬಾಗಿಲು ತಟ್ಟಬೇಕೆಂದು ಕೈ ಚಡಪಡಿಸುತ್ತಿತ್ತು. ಮೊದಲ ಸಲ ಹಳೆಯ ಗೆಳತಿಯನ್ನು ತಂದಳು, ಅಕ್ಕ ಹಾಳೆಗಳನ್ನು ಹಿಂದಿರುಗಿಸಿದಳು. ಎರಡನೆಯ ಸಲ ಗೇಟಿನವಳಿಗೆ ಕಾಯಿಲೆ ಬರಿಸಿ ಆಸ್ಪತ್ರೆಗೆ ಸೇರಿಸಿದಳು. “ನಿನ್ನ ಮಾತು ಕೇಳ್ಲಿಲ್ಲ ಅಂತ ಶಿಕ್ಷೆನಾ?” ಎಂದಳು ಅಕ್ಕ.

ಆಮೇಲೆ ಒಂದು ಭಾನುವಾರ ತಂಗಿ ಅಕ್ಕನ ಮನೆಯಲ್ಲಿ ಸುಮ್ಮನೆ ಕೂತು ನೋಡಿದಳು. ಅಕ್ಕ ಎರಡನೇ ಕುರ್ಚಿಯ ಮೇಲೆ ಕಾಲು ಚಾಚಿ, ರೇಡಿಯೋ ಜೋರು ಮಾಡಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದಳು. ಆ ಕುರ್ಚಿ ಖಾಲಿ ಇದೆಯೆಂದೇ ತಂಗಿ ಇಷ್ಟು ದಿನ ಮರುಗಿದ್ದಳು.

ಮೂರನೆಯ ಸಲ ಬರೆದ ಕಥೆಯಲ್ಲಿ ಗೇಟಿನವಳು ಮಹಡಿಯ ಮೇಲೊಂದು ಕೋಣೆ ಹಿಡಿದಳು. ಯಾವ ರೈಲಿಗೂ ಏಳಬೇಕಿಲ್ಲವಾದ್ದರಿಂದ ಹೊತ್ತೇರುವವರೆಗೆ ಮಲಗಿದಳು. ಶಾಲೆಯ ಮೈದಾನದಲ್ಲಿ ಸೈಕಲ್ ಕಲಿಯಲು ಹೋಗಿ ದೊಪ್ಪನೆ ಬಿದ್ದಳು. ಓದುತ್ತಿದ್ದ ಅಕ್ಕ ಆ ಸಾಲಿಗೆ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಂಗಿ ಎದ್ದು ಕಿಟಕಿಯವರೆಗೆ ಹೋಗಿ ಬಂದಳು, ಮತ್ತೆ ಹೋದಳು.

“ಕೂತ್ಕೊಳೇ. ಸೈಕಲ್ ಬಣ್ಣ ಬರ್ದಿಲ್ಲ ನೀನು.”

“ಕೆಂಪು ಅಂತ ಹಾಕ್ಲಾ?”

“ಬೇಡ. ಆಯುಷ್ಯವೆಲ್ಲ ಗೇಟಲ್ಲಿ ಕೆಂಪು ಬಾವುಟ ಹಿಡಿದಿದ್ದಾಳೆ, ಸಾಕು.”