ಮಾರಿದ ಕಂಪ್ಯೂಟರಿಗೆ ತೆರೆದೇ ಇದ್ದ ಬಾಗಿಲು

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಳಗಿನಿಂದ ಟಕ್ ಎಂದು ಸಣ್ಣ ಸದ್ದು ಬಂತು. ಹಿಂದೆಯೇ ಹಾಳೆ ಸರಿದ ಸದ್ದು. ಬೀದಿಯವರೆಲ್ಲ ಲ್ಯಾಬಕ್ಕ ಎಂದು ಕರೆಯುವವಳು ಎದ್ದು ಕೂತಳು. ಕೆಳಗೆ ಇದ್ದದ್ದು ಅವಳ ಗಂಡ ನಡೆಸುವ ರಕ್ತ ಪರೀಕ್ಷೆಯ ಲ್ಯಾಬು; ರಿಪೋರ್ಟು ಟೈಪ್ ಮಾಡುವವಳು ಅವಳೇ. ಗಂಡನನ್ನು ಅಲುಗಿಸಿದರೆ, ಇಲಿ ಇರಬೇಕು ಎಂದು ಮಗ್ಗುಲಾದ.

ಬೆಳಿಗ್ಗೆ ಪ್ರಿಂಟರಿನ ಬಾಯಲ್ಲಿ ಒಂದು ರಿಪೋರ್ಟು ಇತ್ತು. ಎದುರು ಮನೆಯ ಹೊಲಿಗೆಯವಳದು. ನಮ್ಮ ಮನೆಯವರಿಗೂ ತಿಳಿಯಬಾರದು ಎಂದು ಕೈಹಿಡಿದು ಕೇಳಿಕೊಂಡು ರಕ್ತ ಕೊಟ್ಟು ಹೋಗಿದ್ದಳು.

ನೀನೇ ಹಗಲು ಒತ್ತಿರುತ್ತೀಯ ಎಂದ ಗಂಡ. ಅವಳು ಒತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತಂಗಿಯನ್ನು ಕರೆಸಿದಳು.

"ನಿಮ್ಮಕ್ಕನಿಗೆ ಹಗ್ಗ ಕಂಡ್ರೂ ಹಾವು," ಎಂದು ಅವನು ನಾದಿನಿಯೆದುರು ನಕ್ಕ.

ತಂಗಿ ಮುಖ್ಯ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಹುಡುಕಿದಳು. "ಭಾವ, ಈ ಸಲ ಹಾವೇ. ಇದನ್ನ ಪ್ರಿಂಟಿಗೆ ಕಳಿಸಿದ್ದು ಮಾರ್ಕೆಟ್ಟಿನಲ್ಲಿ ರಕ್ತ ತಗೋತಿದ್ದ ನಿಮ್ಮ ಕೌಂಟರಿನ ಕಂಪ್ಯೂಟರ್."

"ಆ ಕೌಂಟರ್ ಮುಚ್ಚಿ, ಅದನ್ನ ಮಾರಿ ತಿಂಗಳಾಯ್ತಲ್ಲ."

"ಮಾರಿದ್ರಿ. ಒಳಗಿದ್ದದ್ದನ್ನ ಅಳಿಸಿದ್ರಾ?"

ಅವನು ಅಳಿಸಿರಲಿಲ್ಲ. ರಕ್ತ ಮುಟ್ಟುವ ಕೈಗೆ ಸದಾ ಗ್ಲೌಸು. ಪ್ರತಿ ಸಲ ಅದನ್ನು ಕಳಚಿ ಪಾಸ್‌ವರ್ಡ್ ಒತ್ತಲು ಬೇಸರವಾಗಿ, ಮುಖ್ಯ ಕಂಪ್ಯೂಟರಿಗೆ ಹೇಳಿಟ್ಟಿದ್ದ: ಇವಿಷ್ಟು ಕಂಪ್ಯೂಟರುಗಳು ನಮ್ಮವು, ಅಲ್ಲಿಂದ ಯಾರೇ ಬಂದರೂ ಏನೂ ಕೇಳದೆ ಒಳಗೆ ಬಿಡು. ಯಂತ್ರ ಹೋಯಿತು, ಅದರ ಹೆಸರು ಆ ಪಟ್ಟಿಯಲ್ಲೇ ಉಳಿಯಿತು. ಬಾಡಿಗೆಯವರು ಮನೆ ಬಿಟ್ಟರೂ ಬೀಗದ ಕೈ ಅವರ ಹತ್ತಿರವೇ ಇದ್ದ ಹಾಗೆ, ಎಂದಳು ತಂಗಿ.

ಕೊಂಡವನಿಗೆ ನಮ್ಮ ರಿಪೋರ್ಟು ಯಾಕೆ, ತಿಳಿಯದೆ ಏನೋ ಒತ್ತಿರಬೇಕು ಎಂದು ಅವನು ವಾದಿಸಿದ.

"ಇರಬಹುದು. ಆದ್ರೆ ಓದೋಕೆ ಬಂದವರು ತಿದ್ದೋಕೂ ಬರಬಹುದು. ಇವತ್ತು ಆಪರೇಷನ್ನಿಗೆ ಹೋಗೋರ ರಕ್ತದ ಗುಂಪು ನೀವು ಬರೆದದ್ದೇ ಅಂತ ಆಣೆ ಮಾಡ್ತೀರಾ?"

ಅವನು ಗ್ಲೌಸು ಹಾಕಿಕೊಂಡ. ಫ್ರಿಜ್ಜಿನಲ್ಲಿದ್ದ ಟ್ಯೂಬುಗಳನ್ನೆಲ್ಲ ಹೊರಗಿಟ್ಟು, ಒಂದೊಂದರ ಗುಂಪನ್ನೂ ಮತ್ತೆ ನೋಡಿ, ರಿಪೋರ್ಟಿಗೆ ತಾಳೆ ಹಾಕಿದ. ಯಾವುದೂ ಬದಲಾಗಿರಲಿಲ್ಲ. ನಾದಿನಿಯ ಕಡೆ ತಿರುಗಿ, "ಏನು ಮಾಡ್ಬೇಕೋ ಈಗ್ಲೇ ಮಾಡಮ್ಮ," ಎಂದ.

ತಂಗಿ ಹಳೆಯ ಹೆಸರುಗಳನ್ನೆಲ್ಲ ಅಳಿಸಿದಳು. ಈಗ ರಿಪೋರ್ಟು ಟೈಪ್ ಮಾಡುವ ಹೊರಗಿನ ಕೋಣೆಯ ಕಂಪ್ಯೂಟರಿಗೆ ಮಾತ್ರ ಪ್ರವೇಶ. ಅಲ್ಲಿಂದಲೂ ಲ್ಯಾಬಕ್ಕ ಒಬ್ಬಳಿಗೇ, ಅವಳಿಗೂ ಪಾಸ್‌ವರ್ಡ್ ಕೇಳಿಯೇ. ಯಂತ್ರವೂ ಗುರುತಿನದಾಗಿರಬೇಕು, ಮನುಷ್ಯರೂ ಗುರುತಿನವರಾಗಿರಬೇಕು. ಇನ್ನು ಮುಖ್ಯ ಕಂಪ್ಯೂಟರಿನಲ್ಲಿ ನಾನೂ ಗ್ಲೌಸು ಕಳಚಿ ಪಾಸ್‌ವರ್ಡ್ ಒತ್ತುತ್ತೇನೆ ಎಂದ ಭಾವ.

ಸಂಜೆ ಹೊಲಿಗೆಯವಳು ಬಂದಾಗ ಲ್ಯಾಬಕ್ಕ ಬಾಗಿಲು ಮುಚ್ಚಿ ನಡೆದದ್ದನ್ನು ಹೇಳಿದಳು. ಆಕೆ ಕೇಳಿದ್ದು ಒಂದೇ ಮಾತು: "ಯಾರು ನೋಡಿದ್ರು?"

ಅದು ಗೊತ್ತಾಗಲಿಲ್ಲ ಎಂದು ಲ್ಯಾಬಕ್ಕ ರಿಪೋರ್ಟಿನ ಹಾಳೆಯನ್ನು ಆಕೆಯ ಕೈಗಿಟ್ಟಳು.

ಅಂಗಡಿ, ಸಂಘ, ಶಾಲೆ, ಕ್ಲಿನಿಕ್ಕು, ಎಲ್ಲೇ ಆಗಲಿ, ನಿಮ್ಮ ಕಂಪ್ಯೂಟರು ಯಾರನ್ನೆಲ್ಲ ಏನೂ ಕೇಳದೆ ಒಳಗೆ ಬಿಡುತ್ತಿದೆ ಎಂದು ಇವತ್ತೇ ನೋಡಿ, ತಿಳಿದವರಿಂದ ನೋಡಿಸಿ. ಯಂತ್ರ ಮಾರುವ ಮುಂಚೆ ಅದರೊಳಗಿನದನ್ನು ಅಳಿಸಿ. ಕೆಲಸ ಬಿಟ್ಟವರ ಹೆಸರನ್ನು ಅಂದೇ ತೆಗೆಯಿರಿ. ನೀವು ಕಾಯುತ್ತಿರುವುದು ನಿಮ್ಮ ಗುಟ್ಟನ್ನಷ್ಟೇ ಅಲ್ಲ, ನಂಬಿ ಬಂದವರ ಗುಟ್ಟನ್ನೂ.

ಹೊಲಿಗೆಯವಳು ಹಾಳೆಯನ್ನು ಚಿಕ್ಕದಾಗಿ ಮಡಿಚಿ ಮುಷ್ಟಿಯಲ್ಲಿ ಹಿಡಿದಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಆದರೂ ಬೀದಿ ದಾಟುವಾಗ, ಎದುರು ಬಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು.