ತೋಳ ಕಂಡರೂ ಕೂಗದ ದಿನ

ನಾನು ಒಂದು ದುರ್ಬೀನು. ಎಣ್ಣೆ ವಾಸನೆಯ ಕಾರ್ಖಾನೆಯಲ್ಲಿ ಎರಡು ಗಾಜಿನ ಕಣ್ಣು ಪಡೆದು ಹುಟ್ಟಿದೆ. ಮೊದಲ ಒಡೆಯರು ನನ್ನನ್ನು ಆಸೆಪಟ್ಟು ಕೊಂಡು ಬೀರುವಿನಲ್ಲಿಟ್ಟು ಮರೆತರು. ಅವರು ಮನೆ ಖಾಲಿ ಮಾಡುವಾಗ, ತೋಳಗಳ ರಕ್ಷಣೆಗೆ ಓಡಾಡುವ ವಿನುತಾ ಮೇಡಂ ಕೈ ಸೇರಿದೆ. ಅವರು ನನ್ನನ್ನು ಕೊಪ್ಪಳದ ಕಡೆಯ ಕಲ್ಲುಗುಡ್ಡಗಳಿಗೆ ತಂದರು. ಅಲ್ಲಿನ ಕುರಿಗಾರರಿಗೆ ತೋಳಗಳ ಮೇಲೆ ಕಣ್ಣಿಡುವ ತರಬೇತಿ ಕೊಡಬೇಕಿತ್ತು.

ಮೊದಲ ದಿನದ ಫಜೀತಿ ನೆನೆದರೆ ಇಂದಿಗೂ ನಗು ಬರುತ್ತದೆ. ದಿಬ್ಬದ ಮೇಲೆ ತೋಳ ಕಾಣಿಸಿತು. ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಕುರಿಗಾರರೆಲ್ಲ ದಿಗ್ಗನೆದ್ದು ಕೋಲೆತ್ತಿ, "ತೋಳಾ! ಹೋಯ್! ಹೋಯ್!" ಎಂದು ಗುಡ್ಡ ನಡುಗುವಂತೆ ಕೂಗಿದರು. ತೋಳ ಕಂಡರೆ ಕೂಗುವುದು ಅವರಿಗೆ ರಕ್ತದಲ್ಲೇ ಬಂದ ರೂಢಿ. ಎಲ್ಲರಿಗಿಂತ ಜೋರಾಗಿ ಕೂಗಿದವನು ಯಮನೂರಪ್ಪ. ತೋಳ ಪರಾರಿ! ಮೇಡಂ ತಲೆಯ ಮೇಲೆ ಕೈ ಹೊತ್ತು ಕುಳಿತರು.

ಯಮನೂರಪ್ಪ ಮತ್ತೆ ತರಬೇತಿಗೆ ಬರಲಿಲ್ಲ. ಅವನ ಹೆಂಡತಿ ಫಕೀರವ್ವ ಬಂದಳು. ಬಾಯಿಗೆ ಸೆರಗು ಒತ್ತಿ ಕೂಗು ನುಂಗಲು ಕಲಿತಳು. ಮೇಡಂ ನನ್ನನ್ನು ಅವಳ ಕೊರಳಿಗೆ ಹಾಕಿದರು. ತಾಳಿಯ ಪಕ್ಕದಲ್ಲೇ ನನಗೊಂದು ಜಾಗ! ಬಂಡೆಗಳ ನಡುವೆ ತೋಳ ಮರಿ ಹಾಕಿದ್ದ ಗವಿಯನ್ನು ನಾವಿಬ್ಬರೇ ಪತ್ತೆ ಹಚ್ಚಿದೆವು.

ಆ ವಾರವೇ ತೋಳ ಯಮನೂರಪ್ಪನ ಕುರಿಮರಿಯೊಂದನ್ನು ಹೊತ್ತೊಯ್ದಿತು. ಕಂಬಳಿಯೊಳಗೆ ಎದೆಗವಚಿಕೊಂಡು ಅವನು ಸಾಕಿದ್ದ ಮರಿ. ಪಾಪ, ಅವನ ಸಂಕಟ ನೋಡಲಾಗುತ್ತಿರಲಿಲ್ಲ.

"ಗವಿ ಎಲ್ಲೈತಿ ಹೇಳು. ಹೊಗಿ ಹಾಕಿ ಮರಿ ಸಹಿತ ಮುಗಿಸಿಬಿಡ್ತೀನಿ."

ಫಕೀರವ್ವನ ಎದೆ ಡವಡವ ಹೊಡೆದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಹೇಳದಿದ್ದರೂ ಅವನು ಗುಡ್ಡವೆಲ್ಲ ಜಾಲಾಡುವವನೇ.

"ಬರ್ರಿ, ತೋರಸ್ತೀನಿ. ಮೊದಲ ಕಣ್ತುಂಬ ನೋಡ್ರಿ. ಆಮ್ಯಾಲ ನಿಮಗ ತಿಳಿದಂಗ ಮಾಡ್ರಿ," ಎಂದಳು.

ಮರುದಿನ ಬೆಳಗ್ಗೆ ದೂರದ ಬಂಡೆಯ ಮರೆಯಲ್ಲಿ ಕುಳಿತು ನನ್ನನ್ನು ಅವನ ಕಣ್ಣಿಗೆ ಹಿಡಿದಳು. ತಾಯಿತೋಳ ಬಂತು. ಅವನ ಎದೆ ಉಬ್ಬಿತು, ಬಾಯಿ ತೆರೆಯಿತು, ಇನ್ನೇನು ಕೂಗಬೇಕು. ಅಷ್ಟರಲ್ಲಿ ಮರಿಗಳು ಗವಿಯಿಂದ ತಡವರಿಸುತ್ತ ಬಂದು, ಬಡಕಲು ತಾಯಿಯ ಹೊಟ್ಟೆಯಡಿ ನುಗ್ಗಿದವು. ತೆರೆದ ಬಾಯಿ ಹಾಗೇ ಮುಚ್ಚಿತು.

"ಕಂಡ್ವೇನು?" ಫಕೀರವ್ವ ಕೇಳಿದಳು.

"ಮೆಲ್ಲಕ ಮಾತಾಡ," ಅವನು ಗದರಿದ. "ಮರಿ ಹಾಲು ಕುಡಿಯಾಕತ್ಯಾವ."

ಈಗ ನನ್ನ ಒಂದು ಕಣ್ಣಿಗೆ ಬೂಷ್ಟು ಹಿಡಿದಿದೆ. ಫಕೀರವ್ವನ ಕೊರಳಿಗೆ ಹೊಸ ದುರ್ಬೀನು ಬಂದಿದೆ, ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾದೀತು. ನಾನು ಗೋಡೆಯ ಗೂಟದಲ್ಲಿ ಯಮನೂರಪ್ಪನ ಕಂಬಳಿಯ ಜೊತೆ ನೇತಾಡುತ್ತೇನೆ. ಆದರೆ ತೋಳ ಮರಿ ಹಾಕುವ ಕಾಲ ಬಂತೆಂದರೆ ಅವನು ನನ್ನನ್ನೇ ಎತ್ತಿಕೊಂಡು ಹೋಗುತ್ತಾನೆ. ಉಳಿದ ಒಂದೇ ಕಣ್ಣಿನಲ್ಲಿ ಗವಿ ನೋಡಿ ಮನೆಗೆ ಬರುತ್ತಾನೆ.

"ಅದಾವ, ಎಲ್ಲಾ ಅದಾವ," ಎಂದು ಹೆಂಡತಿಗೆ ಹೇಳುತ್ತಾನೆ. ತೋಳಗಳೆಲ್ಲೋ, ಮನೆಯೆಲ್ಲೋ! ಆದರೂ ಪಿಸುದನಿಯಲ್ಲೇ ಹೇಳುತ್ತಾನೆ.