ನಿಸರ್ಗಳ ಸೋದರಮಾವ

ಹೊಳೆನರಸೀಪುರದ ಸಂತೆಗೆ ಹೋದಾಗ ಮಾತ್ರ ಭಾಗ್ಯ ಅಣ್ಣನಿಗೆ ಫೋನ್ ಮಾಡುತ್ತಿದ್ದಳು. ಮನೆಯಲ್ಲಿ ಒಡಿಯಾ ಆಡುವಂತಿರಲಿಲ್ಲ. ಭಾಗ್ಯ ಎಂಬುದೂ ಈ ಮನೆ ಇಟ್ಟ ಹೆಸರೇ; ಒಡಿಶಾದಲ್ಲಿ ಅವಳು ಬಸಂತಿ. ಊರಿನ ಗಂಡುಗಳಿಗೆ ಹೆಣ್ಣು ಸಿಗದಾದಾಗ ದಲ್ಲಾಳಿಯೊಬ್ಬ ಹದಿನೇಳರ ಆ ಹುಡುಗಿಯನ್ನು ರೈಲು ಹತ್ತಿಸಿ ತಂದು ರಂಗಸ್ವಾಮಿಗೆ ಕಟ್ಟಿದ್ದ.

ಸಂತೆಯಿಂದ ಬಂದು ನೋಡಿದರೆ ಮಗಳ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಒಂಬತ್ತನೇ ತರಗತಿಯ ನಿಸರ್ಗ ಮೈನೆರೆದ ಮೇಲೆ ಶಾಲೆಗೆ ಹೋಗಿರಲಿಲ್ಲ. ಅಜ್ಜಿಯ ಲೆಕ್ಕಾಚಾರ ಕಿವಿಗೆ ಬಿದ್ದಂದಿನಿಂದ ಮಾತೂ ನಿಂತಿತ್ತು.

"ಒಸಗೆಗೆ ಸೋದರಮಾವ ಸೊಪ್ಪು ತಂದು ಗುಡ್ಲು ಆಕ್ಬೇಕು. ಇವ್ಳಿಗ್ಯಾರವ್ರೆ?" ಎಂದರು ಅತ್ತೆ ಚಿಕ್ಕಲಕ್ಷ್ಮಮ್ಮ. "ನಮ್ಮೂರ ಬೈರಯ್ಯ ಮಾವನ ಜಾಗ್ದಲ್ಲಿ ನಿಂತ್ಕತಾನಂತೆ. ಅವ್ನ ಮಗ ಕುಮಾರಂಗೂ ಹೆಣ್ಣಿಲ್ಲ. ಈಗ್ಲೇ ಮಾತಾಡ್ಕಂಡ್ರಾಯ್ತು ಕಣ."

"ಅವ್ನಿಗೆ ಮೂವತ್ನಾಕು, ಇವ್ಳಿಗೆ ಹದಿನಾಕು, ಅತ್ತೆ."

"ನಾವು ತಂದೋಳು ನೀನು, ನಿಂಗೆ ಬಾಯಿ ಬೇರೆ!"

ರಂಗಸ್ವಾಮಿ ತಲೆಯೆತ್ತಲಿಲ್ಲ.

ಕೋಣೆಯಲ್ಲಿ ನಿಸರ್ಗ ಕೇಳಿದಳು: "ಅಮ್ಮ, ನೀನೂ ಇಂಗೇ ಬಂದ್ಯಾ?"

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಭಾಗ್ಯ ಹೇಳಿದಳು. ಯಾರದೋ ಸೀರೆ ಉಟ್ಟು ರೈಲು ಹತ್ತಿದ್ದು, ಅಣ್ಣ ಸುದಾಮ ಪ್ಲಾಟ್‌ಫಾರಂ ಮುಗಿಯುವವರೆಗೂ ಕಿಟಕಿ ಹಿಡಿದು ಓಡಿದ್ದು, ಇಲ್ಲಿ ನೀರು ಕೇಳಲೂ ಮಾತು ಬಾರದೆ ಅತ್ತದ್ದು. "ನಿನ್ನ ಅಂಗಾಗಕ್ಕೆ ಬಿಡಲ್ಲ" ಎಂದಳು. ಮಗಳು ಕಣ್ಣೊರೆಸಿಕೊಂಡು ತಟ್ಟೆ ಎಳೆದುಕೊಂಡಳು.

ಒಸಗೆಯ ದಿನ ಬೈರಯ್ಯ ಹಲಸಿನ ಸೊಪ್ಪಿನ ಹೊರೆ, ಸೀರೆ ಸಮೇತ ಬಂದ. ಭಾಗ್ಯ ಬಾಗಿಲಿಗೆ ಅಡ್ಡ ನಿಂತಳು.

"ಸೊಪ್ಪು ಕೆಳಗಿಡಿ ಅಣ್ಣಾವ್ರೇ. ಇವ್ಳಿಗೂ ಒಬ್ಬ ಸೋದರಮಾವ ಅವ್ನೆ."

ಫೋನ್ ಎತ್ತಿ ಹಿಡಿದು, ನೆಂಟರೆಲ್ಲರ ಎದುರು, ಗಟ್ಟಿಯಾಗಿ ಒಡಿಯಾದಲ್ಲಿ ಅಣ್ಣನನ್ನು ಕರೆದಳು. ಪರದೆಯಲ್ಲಿ ಸುದಾಮನ ಮುಖ ಮೂಡಿತು. "ಮಾಮು" ಎಂದಳು ನಿಸರ್ಗ. ಅವನು ನಗುತ್ತಲೇ ಅತ್ತ.

"ಫೋನಲ್ಲಿರೋನು ಸೊಪ್ಪು ಎಂಗ್ ತತ್ತಾನಮ್ಮ?" ಬೈರಯ್ಯ ಕೆಣಕಿದ. ಯಾರೋ ಕಿಸಕ್ಕೆಂದರು.

"ತರೋದೇ ಬ್ಯಾಡ. ಸೊಪ್ಪು ತಂದು ಹುಡ್ಗೀನ್ ಕೇಳೋ ಮಾವನಿಗಿಂತ ಸೊಪ್ಪಿಲ್ದಿರೋ ಮಾವನೇ ವಾಸಿ. ಇನ್ನೊಂದ್ಸಲ ಆ ಮಾತೆತ್ತಿದ್ರೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡ್ತೀನಿ. ಅದು ಅಪರಾಧ ಅಂತ ನಿಮ್ಗೂ ಗೊತ್ತು."

"ಭಾಗ್ಯಾ!" ಅತ್ತೆ ಗದರಿದರು.

"ಬಸಂತಿ, ಅತ್ತೆ. ನನ್ನೆಸ್ರು ಬಸಂತಿ."

ರಂಗಸ್ವಾಮಿ ಎದ್ದ. ಬೈರಯ್ಯ ತಂದಿಟ್ಟಿದ್ದ ಸೀರೆಯನ್ನು ಅವನ ಕೈಗೇ ಕೊಟ್ಟ. ಸೊಪ್ಪಿನ ಹೊರೆಯನ್ನು ಆಡುಗಳ ಮುಂದೆ ಹಾಕಿದ.

ಸೋಮವಾರ ನಿಸರ್ಗ ಯೂನಿಫಾರಂ ತೊಟ್ಟು ಹೊಸಿಲು ದಾಟಿದಳು. ದಿನಾ 'ಬತ್ತೀನಮ್ಮ' ಎನ್ನುತ್ತಿದ್ದವಳು ಅಂದು ಅದನ್ನೇ ಒಡಿಯಾದಲ್ಲಿ ಕೂಗಿದಳು:

"ಮಾ, ಆಸುಛಿ!"

ಜಗುಲಿಯಲ್ಲಿ ಕೂತಿದ್ದ ಚಿಕ್ಕಲಕ್ಷ್ಮಮ್ಮನಿಗೂ ಅದು ಕೇಳಿಸಿತು.